ಬ್ರೇಕಿನ ಕೀರಲಿಗೆ ಎಣ್ಣೆ ಮದ್ದೇ?

ಬಾಗಿಲು ಕಿರುಗುಟ್ಟಿದರೆ ತಿರುಗುಣಿಗೆ ಎರಡು ತೊಟ್ಟು ತೆಂಗಿನೆಣ್ಣೆ. ಬಾವಿಯ ರಾಟೆ ಕಿರುಗುಟ್ಟಿದರೂ ಅದೇ ಔಷಧ. ಕರಾವಳಿಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಈ ಚಿಕಿತ್ಸೆ ಸರಿಯಾದುದೇ. ಆದರೆ ಕಳೆದ ಮಳೆಗಾಲದಲ್ಲಿ ಕಾರವಾರದ ನಮ್ಮ ಓಣಿಯ ಹಿರಿಯರೊಬ್ಬರು ನನ್ನ ಹಳೆಯ ಕಾರಿನ ಬ್ರೇಕಿನ ಕೀರಲು ದನಿಯನ್ನು ಕೇಳಲಾರದೆ, ಎಣ್ಣೆಯ ಕುಡಿಕೆಯನ್ನು ಹಿಡಿದು ಗಾಲಿಯ ಬಳಿ ಕುಳಿತುಬಿಟ್ಟಿದ್ದರು. ನಾನು ಓಡಿಹೋಗಿ ಅವರ ಕೈಯನ್ನು ತಡೆದೆ. “ಭೌತಶಾಸ್ತ್ರ ಕಲಿಸುವ ಮಾಸ್ತರರಿಗೆ ಎಣ್ಣೆಯ ಗುಣ ತಿಳಿಯದೇ?” ಎಂದು ಅವರು ನೊಂದುಕೊಂಡರು.

ಎಣ್ಣೆಯ ಗುಣ ತಿಳಿದಿದ್ದುದರಿಂದಲೇ ತಡೆದೆನು. ತಿರುಗುಣಿಯಲ್ಲಿ ಘರ್ಷಣೆಯು ನಮಗೆ ಶತ್ರು. ಬ್ರೇಕಿನಲ್ಲಿ ಅದೇ ನಮ್ಮ ಸೇವಕ. ಗಾಲಿಯೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕೆಲಗಳಿಂದ ಅದುಮಿ ಹಿಡಿಯುವುದರಿಂದಲೇ ಕಾರು ನಿಲ್ಲುತ್ತದೆ. ಎಣ್ಣೆ ಹೀರಿದ ಪ್ಯಾಡನ್ನು ಮತ್ತೆ ಶುದ್ಧಮಾಡಲು ಹೋಗಬಾರದು. ಬಿಸಾಡಿ ಹೊಸದನ್ನು ಹಾಕುವುದೇ ಕ್ಷೇಮ. ಎಣ್ಣೆಯಿಂದ ಕೀರಲು ನಿಲ್ಲುವುದು ನಿಜ. ಕಾರು ಮಾತ್ರ ನಿಲ್ಲುವುದಿಲ್ಲ!

ಈ ದನಿ ಹುಟ್ಟುವುದೆಂತು? ನಿಮ್ಮ ತರಗತಿಯ ಕಪ್ಪುಹಲಗೆಯನ್ನೇ ನೋಡಿರಿ. ಉದ್ದನೆಯ ಸೀಮೆಸುಣ್ಣದ ಕಡ್ಡಿಯನ್ನು ನೆಟ್ಟಗೆ ಹಿಡಿದು ಗೀಚಿದರೆ ಮೈ ಜುಮ್ಮೆನ್ನುವ ಕೀರಲು ಕೇಳುತ್ತದೆ. ಕಡ್ಡಿಯು ಒಂದು ಕ್ಷಣ ಹಲಗೆಗೆ ಅಂಟಿಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಸ್ಥಿರ ಘರ್ಷಣೆಯು ಚಲನ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಕಡ್ಡಿಯನ್ನು ಅರ್ಧಕ್ಕೆ ಮುರಿದು ಬರೆದರೆ ಕಂಪಿಸುವ ಭಾಗವು ಮೊಟಕಾಗಿ ಕೀರಲು ಬಹುಮಟ್ಟಿಗೆ ಅಡಗುತ್ತದೆ. ಬ್ರೇಕಿನಲ್ಲಿ ತಟ್ಟೆ, ಪ್ಯಾಡು, ಅದನ್ನು ಹಿಡಿದಿರುವ ಚೌಕಟ್ಟು ಇವೆಲ್ಲ ಕೂಡಿ ಕಂಪಿಸುವುದರಿಂದ ಲೆಕ್ಕವು ಇನ್ನಷ್ಟು ಜಟಿಲ. ಸೆಕೆಂಡಿಗೆ ಸಾವಿರಾರು ಸಲ ನಡುಗುವ ಆ ತಟ್ಟೆಯು ಗಂಟೆಯಂತೆ ಮೊಳಗುತ್ತದೆ.

ದನಿಯಲ್ಲಿ ಭೇದಗಳಿವೆ. ಮಳೆ ಸುರಿದ ಮರುಬೆಳಗ್ಗೆ ಕೇಳಿಬಂದು ನಾಲ್ಕಾರು ಸಲ ಬ್ರೇಕು ಒತ್ತಿದೊಡನೆ ಮಾಯವಾಗುವ ದನಿಗೆ ಅಂಜಬೇಕಾಗಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ, ಉಪ್ಪುಗಾಳಿ ಬೀಸುವ ನಮ್ಮೂರಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ತಟ್ಟೆಗೆ ತೆಳುವಾದ ತುಕ್ಕು ಹಿಡಿಯುವುದು ಸಹಜ. ದಿನವಿಡೀ ಕೇಳುವ ತೀಕ್ಷ್ಣವಾದ ಕೀರಲೇ ಬೇರೆ. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ; ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಸವೆದಾಗ ಅದು ತಟ್ಟೆಗೆ ತಗುಲಿ ಕಿರುಚುತ್ತದೆ. ಕಿರುಚಲೆಂದೇ ಅದನ್ನು ಇಟ್ಟಿರುವುದು. ಇನ್ನು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ‘ಗರಗರ’ ಶಬ್ದ ಬಂದರೆ, ಆ ಕಾರನ್ನು ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಬೇಕು.

ಮನೆಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ಸಮತಟ್ಟಾದ ನೆಲ, ಉಳಿದ ಗಾಲಿಗಳಿಗೆ ಅಡ್ಡಗಲ್ಲು, ಜಾಕಿಯ ಜೊತೆಗೆ ಭದ್ರವಾದ ಆಸರೆ ಇಷ್ಟಿದ್ದರೆ, ಬ್ರೇಕು ತಣಿದ ಬಳಿಕ ಗಾಲಿಯನ್ನು ಬಿಚ್ಚಿ ನೋಡಬಹುದು. ಹೊಸ ಪ್ಯಾಡು ಸುಮಾರು ಹತ್ತು ಮಿಲಿಮೀಟರು ದಪ್ಪವಿರುತ್ತದೆ. ಮೂರಕ್ಕೆ ಇಳಿದಿದ್ದರೆ ಬದಲಿಸತಕ್ಕದ್ದು. ದಪ್ಪ ಸಾಕಷ್ಟಿದ್ದು ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಉಪ್ಪುಕಾಗದದ ಮೇಲೆ ಹಗುರವಾಗಿ ಉಜ್ಜಿರಿ. ಹೆಚ್ಚಿನ ಉಷ್ಣವನ್ನು ತಾಳುವ ಬ್ರೇಕಿನ ಗ್ರೀಸನ್ನು ಪ್ಯಾಡಿನ ಬೆನ್ನಿಗೆ ಮಾತ್ರ ತೆಳುವಾಗಿ ಸವರಬಹುದು. ತಟ್ಟೆಯನ್ನು ಉಜ್ಜುವ ಮುಖಕ್ಕೆ ಸರ್ವಥಾ ಕೂಡದು. ಎಲ್ಲವನ್ನೂ ಜೋಡಿಸಿದ ಮೇಲೆ, ಕಾರು ಹೊರಡಿಸುವ ಮೊದಲು, ಪೆಡಲು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು.

ಒಳಗಿನ ಧೂಳನ್ನು ಬಾಯಿಂದ ಊದಬೇಡಿರಿ; ಒದ್ದೆ ಬಟ್ಟೆಯಿಂದ ಒರೆಸಿರಿ. ಇದರ ಹಿಂದೆ ಒಂದು ಕಥೆಯಿದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿ ತಟ್ಟೆಬ್ರೇಕಿಗೆ ಪೇಟೆಂಟು ಪಡೆದಾಗ, ಅದರ ತಾಮ್ರದ ಪ್ಯಾಡುಗಳ ಚೀತ್ಕಾರವನ್ನು ಯಾರೂ ಸಹಿಸದಾದರು. 1907ರಲ್ಲಿ ಹರ್ಬರ್ಟ್ ಫ್ರೂಡನು ಕಲ್ನಾರಿನ ಹೊದಿಕೆ ಹಾಕಿ ಅದನ್ನು ಶಮನಗೊಳಿಸಿದನು. ಆ ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಲೋಕಕ್ಕೆ ಖಚಿತವಾಗುವುದಕ್ಕೆ ದಶಕಗಳೇ ಹಿಡಿದವು. ಹಳೆಯ ವಾಹನಗಳ ಬ್ರೇಕಿನಲ್ಲಿ ಅದು ಇಂದಿಗೂ ಇರಬಹುದು.

ಅಂಕೋಲೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನು, ಸೀಮೆಸುಣ್ಣದ ಪ್ರಯೋಗವನ್ನು ನೋಡಿದ ದಿನ, “ಸರ್, ನಮ್ಮ ತಂದೆಯವರ ಬಾಡಿಗೆ ಕಾರು ತಿಂಗಳಿನಿಂದ ಹೀಗೆಯೇ ಕೂಗುತ್ತಿದೆ; ನಾವು ರೇಡಿಯೋ ಜೋರಾಗಿ ಹಾಕಿಕೊಳ್ಳುತ್ತೇವೆ” ಎಂದನು. ತರಗತಿಯೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ಆ ಕಾರು ವಾರಕ್ಕೆರಡು ಸಲ ಅರಬೈಲು ಘಟ್ಟವನ್ನು ಹತ್ತಿಳಿಯುತ್ತದೆ. ಯಲ್ಲಾಪುರವು ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. 1000 ಕಿಲೋಗ್ರಾಮಿನ ಕಾರು 500 ಮೀಟರು ಇಳಿದರೆ ಸುಮಾರು 49 ಲಕ್ಷ ಜೂಲುಗಳಷ್ಟು ಶಕ್ತಿಯನ್ನು ಕಳೆದುಕೊಳ್ಳಬೇಕು. 16 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಚಿಕ್ಕ ಗೇರಿನಲ್ಲಿ ಇಳಿದರೆ ಎಂಜಿನ್ನು ಒಂದು ಪಾಲನ್ನು ಹೊರುತ್ತದೆ. ಇಲ್ಲವಾದರೆ ಬಹುಪಾಲು ಶಾಖವು ಸವೆದ ಪ್ಯಾಡುಗಳ ಮೇಲೆಯೇ ಬಿದ್ದು, ಅಲ್ಲಿಂದ ಬ್ರೇಕಿನ ದ್ರವಕ್ಕೆ ಹರಿಯುತ್ತದೆ. ಆ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಕುದಿದು ಗುಳ್ಳೆಗಳೆದ್ದರೆ ಪೆಡಲು ನೆಲಕ್ಕೆ ಕುಸಿಯುತ್ತದೆ.

ಪಠ್ಯದ ಘರ್ಷಣಾಂಕದ ಲೆಕ್ಕಗಳನ್ನು ತಪ್ಪಿಲ್ಲದೆ ಬಿಡಿಸುವ ನಾವು, ಅಧ್ಯಾಪಕರೂ ಸೇರಿ, ಅಂಗಳದ ಗಾಲಿಯನ್ನು ಇಣಿಕಿ ನೋಡುವುದಿಲ್ಲವೆಂಬುದು ನನ್ನ ಆಕ್ಷೇಪಣೆ. ಈ ಪಾಠವನ್ನು ವರ್ಷಕ್ಕೊಮ್ಮೆಯಾದರೂ ಕಾಲೇಜಿನ ಅಂಗಳದಲ್ಲಿ, ಗಾಲಿ ಬಿಚ್ಚಿದ ವಾಹನದ ಮುಂದೆ ಮಾಡಬೇಕು. ಪರೀಕ್ಷೆಗೆ ಅದು ಬರುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಬರುವಂತೆ ಮಾಡುವುದು ಯಾರ ಕೈಯಲ್ಲಿದೆ?

ಆ ಹುಡುಗನು ಮರುವಾರ ಒಂದು ಪ್ಯಾಡನ್ನು ಕಾಗದದಲ್ಲಿ ಸುತ್ತಿ ತಂದನು. ಉಳಿದಿದ್ದುದು ಒಂದು ನಾಣ್ಯದಷ್ಟು ದಪ್ಪ. ಈಗ ಅದು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ನನ್ನ ಕಾರಿನ ಪ್ಯಾಡುಗಳನ್ನೂ ಬದಲಿಸಿದ್ದೇನೆ. ಮಳೆಯ ಮರುಬೆಳಗ್ಗೆ ಮಾತ್ರ ಅದು ಓಣಿಯ ತಿರುವಿನವರೆಗೆ ಎಂದಿನಂತೆ ಕೀರಲಿಡುತ್ತದೆ, ಹಿರಿಯರು ಜಗಲಿಯಿಂದ ನನ್ನತ್ತ ನೋಡುತ್ತಾರೆ.