ನೆಲದಡಿಯ ಜೀವಾಣುಗಳೂ ಮಾನವನ ಹೊಣೆಯೂ

ಭೂತಾಯಿ ಎಲ್ಲವನ್ನೂ ಅರಗಿಸಿಕೊಳ್ಳುವಳೆಂಬ ನಂಬಿಕೆ ಮಾನವನಲ್ಲಿ ಬಹುಕಾಲದಿಂದ ಬೇರೂರಿದೆ. ನೆಲಕ್ಕಿಳಿದು ಕಣ್ಮರೆಯಾದ ಕೊಳೆಯು ಇಲ್ಲವೇ ಆಯಿತೆಂದು ಜನರು ಭಾವಿಸುತ್ತಾರೆ. ಈ ಭಾವನೆಯಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಅಂತರ್ಜಲದಲ್ಲಿ ಬಾಳುವ ಬ್ಯಾಕ್ಟೀರಿಯಾಗಳ ಅಧ್ಯಯನವು ಸ್ಪಷ್ಟಪಡಿಸುತ್ತದೆ.

ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ ಅಣ್ವಸ್ತ್ರ ಕಾರ್ಖಾನೆಯ ತ್ಯಾಜ್ಯವನ್ನು 1951ರಿಂದ 1983ರವರೆಗೆ, ತಳಕ್ಕೆ ಯಾವ ಹೊದಿಕೆಯೂ ಇಲ್ಲದ ನಾಲ್ಕು ಹೊಂಡಗಳಿಗೆ ಸುರಿಯಲಾಯಿತು. ನೈಟ್ರಿಕ್ ಆಮ್ಲ, ಯುರೇನಿಯಂ ಮತ್ತು ಇತರ ಲೋಹಗಳು ಮಣ್ಣಿನೊಳಗೆ ಸೋರಿ ಅಂತರ್ಜಲವನ್ನು ಸೇರಿದವು. ಮುಂದೆ ಹೊಂಡಗಳನ್ನು ಮುಚ್ಚಿ, ಮೇಲೆ ಡಾಂಬರು ಹಾಸಿ, ವಾಹನಗಳ ನಿಲುದಾಣವನ್ನು ಮಾಡಲಾಯಿತು. ನೋಡುವವರಿಗೆ ಎಲ್ಲವೂ ಚೊಕ್ಕಟ. ಕೆಳಗಿನ ನೀರು ಮಾತ್ರ ವಿಷಮಯವಾಗಿಯೇ ಉಳಿಯಿತು.

ಅಂತಹ ನೀರಿನಲ್ಲಿಯೂ ಜೀವವು ಸೋಲಲಿಲ್ಲ. ರೋಡನೋಬ್ಯಾಕ್ಟರ್ ಎಂಬ ಕುಲದ ಬ್ಯಾಕ್ಟೀರಿಯಾಗಳು ಅಲ್ಲಿ ಪ್ರಬಲವಾದವು. ಪ್ರಾಣವಾಯು ದೊರೆಯದೆಡೆ ಅವು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಬಲ್ಲವು. ಜೀವಕೋಶವನ್ನು ಹೊಕ್ಕ ಲೋಹಗಳನ್ನು ಹೊರದಬ್ಬುವ ಸಾಧನಗಳ ವಂಶವಾಹಿಗಳೂ ಆ ನೀರಿನ ಜೀವಾಣುಗಳಲ್ಲಿ ಹೇರಳವಾಗಿ ಕಂಡುಬಂದವು. ಅವುಗಳಲ್ಲಿ ಕೆಲವು ತಾಯಿಕೋಶದಿಂದ ಬಂದವಲ್ಲ, ನೆರೆಯ ಜೀವಾಣುಗಳಿಂದ ಪಡೆದವು ಎಂದು 2010ರಲ್ಲಿ ಪ್ರಕಟವಾದ ಸಂಶೋಧನೆಯು ಸೂಚಿಸಿತು. ಆದರೆ ಅದೇ ಸಂಶೋಧನೆಯು ಮತ್ತೊಂದು ಸಂಗತಿಯನ್ನೂ ತೋರಿಸಿತು: ಶುದ್ಧ ಅಂತರ್ಜಲದಲ್ಲಿರುವ ಜೀವವೈವಿಧ್ಯವು ಅಲ್ಲಿ ಉಳಿದಿರಲಿಲ್ಲ. ಕೆಲವು ಬದುಕಿದವು, ಬಹಳಷ್ಟು ಅಳಿದವು.

ಬ್ಯಾಕ್ಟೀರಿಯಾಗಳಿಂದ ಉಪಕಾರವೂ ಉಂಟು. ಕೊಲೊರಾಡೊ ರಾಜ್ಯದ ರೈಫಲ್ ಎಂಬಲ್ಲಿ ಹಳೆಯ ಯುರೇನಿಯಂ ಗಿರಣಿಯ ನೆಲದೊಳಕ್ಕೆ 2002ರಲ್ಲಿ ಅಸಿಟೇಟ್ ದ್ರಾವಣವನ್ನು ಹಾಯಿಸಿದಾಗ, ಜಿಯೋಬ್ಯಾಕ್ಟರ್ ಜೀವಾಣುಗಳು ಹೆಚ್ಚಿ, ನೀರಿನಲ್ಲಿ ಕರಗಿದ್ದ ಯುರೇನಿಯಂ ಗಣನೀಯವಾಗಿ ತಗ್ಗಿತು. ಆದರೆ ಅದು ನಾಶವಾಗಲಿಲ್ಲ. ಕರಗದ ರೂಪವನ್ನು ತಾಳಿ ಮಣ್ಣಿನಲ್ಲಿಯೇ ಕುಳಿತಿತು. ಪ್ರಾಣವಾಯುವೋ ನೈಟ್ರೇಟೋ ಮತ್ತೆ ಬಂದು ಸೇರಿದರೆ ಅದು ಪುನಃ ಕರಗಬಲ್ಲದು.

ಆದುದರಿಂದ, 'ಪ್ರಕೃತಿಯೇ ಶುದ್ಧಿಮಾಡಿಕೊಳ್ಳುತ್ತದೆ' ಎಂಬ ಮಾತನ್ನು ಕೈತೊಳೆದುಕೊಳ್ಳುವ ನೆಪವಾಗಿಸುವುದು ಸರಿಯಲ್ಲ. ಬ್ಯಾಕ್ಟೀರಿಯಾ ಹೊಂದಿಕೊಳ್ಳುವುದು ತನ್ನ ಉಳಿವಿಗಾಗಿ, ಮಾನವನ ತಪ್ಪನ್ನು ತಿದ್ದುವುದಕ್ಕಲ್ಲ. ಗಂಟೆಗಳಲ್ಲಿ ಹೊಸ ಪೀಳಿಗೆಯನ್ನು ಕಾಣಬಲ್ಲ ಜೀವಿಗೆ ಸಾಧ್ಯವಾದ ಹೊಂದಾಣಿಕೆಯು ಬಾವಿಯ ನೀರನ್ನು ಕುಡಿಯುವ ಮಗುವಿಗೆ ಸಾಧ್ಯವಿಲ್ಲ. ಕುಡಿಯುವ ನೀರಿನ ಒಂದು ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಮಿತಿಯೆಂದು ಭಾರತೀಯ ಮಾನಕವು ವಿಧಿಸಿದೆ. ಕರ್ನಾಟಕದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿ ಈ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯು ದಾಖಲಿಸಿದೆ.

ವಿಜ್ಞಾನ ಶಿಕ್ಷಕರು ಈ ಪಾಠವನ್ನು ಪುಸ್ತಕದಲ್ಲಿಯೇ ಮುಗಿಸದೆ, ಊರಿನ ಬಾವಿ, ಕೊಳವೆಬಾವಿಗಳ ನೀರಿನ ಪರೀಕ್ಷೆಗೆ ಮಕ್ಕಳನ್ನು ಕರೆದೊಯ್ಯಬೇಕು. ಶಾಲೆಗಳಿಗೆ ಕಟ್ಟಡವನ್ನು ಕೊಡುವ ಉದಾರಿಗಳು ಅದಕ್ಕೆ ಬೇಕಾದ ಸಲಕರಣೆಗಳನ್ನೂ ಒದಗಿಸಿದರೆ ಅದು ಸಾರ್ಥಕ ದಾನವಾದೀತು. ನೆಲದಡಿಯ ನೀರು ಮುಂದಿನ ಪೀಳಿಗೆಯ ಸ್ವತ್ತು; ಅದನ್ನು ಕೆಡಿಸದಿರುವುದು ಇಂದಿನವರ ಕರ್ತವ್ಯ.