ಬೆಂಕಿ ಹಚ್ಚುವ ಮುನ್ನ ಹುಳದ ಹೆಸರು ಕೇಳಿ

ಮನೆಯೊಳಗೆ ಕಚ್ಚುವ ಹುಳ ಗೂಡು ಕಟ್ಟಿದೆ ಎಂದರೆ ನಮ್ಮ ಕ್ಯಾತ್ಸಂದ್ರದಲ್ಲಿ ಸಿಗುವ ಸಲಹೆ ಒಂದೇ: ಸುಟ್ಟುಬಿಡಿ. ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಸಿಗದಿದ್ದರೆ ಬೈಕಿನಿಂದ ಪೆಟ್ರೋಲ್ ತೆಗೆಯಿರಿ, ಕತ್ತಲಾದ ಮೇಲೆ ಹಚ್ಚಿ. ಅದು ಯಾವ ಹುಳ ಎಂದು ಯಾರೂ ಕೇಳುವುದಿಲ್ಲ. ಈ ಸಲಹೆಯನ್ನು ನಾವು ಇನ್ನಾದರೂ ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯ ಮಾತು ಉರ್ದು. ಹಾರಿಬಂದು ಕಚ್ಚುವುದೆಲ್ಲ ನಮ್ಮ ಅಮ್ಮಿಗೆ ‘ಮಖ್ಖಿ’. ಜೇನು ಕೊಡುವುದಾದರೆ ‘ಶಹದ್ ಕಿ ಮಖ್ಖಿ’, ಅಷ್ಟೇ. ಈ ವಿಷಯದಲ್ಲಿ ಕನ್ನಡವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ, ಕಣಜ ಎಂದು ಒಂದೊಂದಕ್ಕೂ ಬೇರೆ ಹೆಸರು. ಹೆಸರು ಬೇರೆಯಾದಂತೆ ಮಾಡಬೇಕಾದ ಕೆಲಸವೂ ಬೇರೆ.

ಗೋಡೆಯ ಬಿರುಕಿನಿಂದ ಅಂಟಿನ ಸಣ್ಣ ಕೊಳವೆ ಚಾಚಿಕೊಂಡು, ಅದರ ಬಾಯಲ್ಲಿ ಇರುವೆಯಷ್ಟು ದೊಡ್ಡ ಕಪ್ಪು ಹುಳ ಓಡಾಡುತ್ತಿದ್ದರೆ ಅದು ಮಿಸ್ರಿ. ಅದಕ್ಕೆ ಕಚ್ಚುವ ಕೊಂಡಿಯೇ ಇಲ್ಲ. ಮೀಟರ್ ಪೆಟ್ಟಿಗೆಯೊಳಗೆ, ಹಳೆಯ ಗೋಡೆಯ ಪೊಟರೆಯಲ್ಲಿ, ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುವುದು ತುಡುವೆ. ಪೆಟ್ಟಿಗೆಯಲ್ಲಿ ಸಾಕುವ ಜೇನು ಇದು. ಜೇನು ಸಾಕುವವರು ಬಂದರೆ ಗೂಡನ್ನೇ ಪೆಟ್ಟಿಗೆಗೆ ಇಳಿಸಿಕೊಂಡು ಹೋಗುತ್ತಾರೆ. ನಿಜವಾಗಿ ಹೆದರಬೇಕಾದದ್ದು ನೀರಿನ ಟ್ಯಾಂಕಿನ ಅಡಿ, ಬಾಲ್ಕನಿಯ ಕೆಳಗೆ ಒಂದೇ ದೊಡ್ಡ ಎರಿಯಾಗಿ ತೂಗುವ ಹೆಜ್ಜೇನಿಗೆ. ಅದಕ್ಕೆ ಮನೆಯವರು ಕೈ ಹಾಕಲೇಬಾರದು. ಒಂದು ಕಚ್ಚಿದರೆ ಅಲ್ಲಿ ಬಿಡುವ ವಾಸನೆಗೆ ಉಳಿದವು ಅದೇ ಜಾಗಕ್ಕೆ ಬರುತ್ತವೆ. ಆದರೆ ಹೆಜ್ಜೇನು ವಲಸೆ ಹೋಗುವ ಜೀವಿ. ಯಾರೂ ಓಡಾಡದ ಜಾಗದಲ್ಲಿದ್ದರೆ, ಕಾದರೆ ಅದೇ ಹೊರಡುತ್ತದೆ.

ಇನ್ನು ಕಣಜ. ಸ್ವಿಚ್ ಬೋರ್ಡಿನ ಪಕ್ಕ, ಬಾಗಿಲ ಸಂದಿಯಲ್ಲಿ ಮಣ್ಣಿನ ಗೂಡು ಮಾಡುವ ಕಣಜ ಒಂಟಿ ಜೀವಿ. ಹಿಡಿದು ಅದುಮದಿದ್ದರೆ ಸಾಧಾರಣವಾಗಿ ಕಚ್ಚುವುದಿಲ್ಲ. ಕಂಬಳಿಹುಳವನ್ನು ತಂದು ಗೂಡಿನಲ್ಲಿಟ್ಟರೆ ಆ ಹುಳವೇ ಕಣಜವಾಗುತ್ತದೆ ಎಂಬ ನಂಬಿಕೆಯಿಂದ ‘ಕೀಟ-ಭ್ರಮರ ನ್ಯಾಯ’ ಎಂಬ ಮಾತು ಬಂದಿದೆ. ನಡೆಯುವುದು ಬೇರೆ. ಕೊಂಡಿ ಚುಚ್ಚಿ ಮರಗಟ್ಟಿಸಿದ ಹುಳವನ್ನು ಕಣಜದ ಮರಿ ತಿಂದು ಬೆಳೆಯುತ್ತದೆ. ಕಥೆ ಚೆನ್ನಾಗಿತ್ತು, ಹುಳದ ಪಾಲಿಗೆ ಮಾತ್ರ ಅಲ್ಲ.

ವೆಂಟಿಲೇಟರಿನಲ್ಲಿ, ಕಿಟಕಿಯ ಸಜ್ಜೆಯ ಕೆಳಗೆ ಬೂದು ಬಣ್ಣದ ಕಾಗದದಂಥ ಗೂಡು ಸಣ್ಣ ತೊಟ್ಟಿನಿಂದ ನೇತಾಡುತ್ತಿದ್ದರೆ ಅದು ಗುಂಪಾಗಿ ಬಾಳುವ ಕಣಜ. ಸಸ್ಯದ ನಾರನ್ನು ಅಗಿದು ಎಂಜಲು ಬೆರೆಸಿ ಮಾಡಿದ ಕಾಗದವೇ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ಇಂಥದೇ ಒಂದು ಕಣಜವನ್ನು, ರೋಪಲಿಡಿಯಾ ಮಾರ್ಜಿನೇಟಾ ಎಂಬುದನ್ನು, ದಶಕಗಳ ಕಾಲ ಅಭ್ಯಾಸ ಮಾಡಿ 2001ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಅವರು ಅದನ್ನು ಮೊದಲು ಗಮನಿಸಿದ್ದು ಕಾಡಿನಲ್ಲಲ್ಲ, ತಾವು ಓದುತ್ತಿದ್ದ ಸೆಂಟ್ರಲ್ ಕಾಲೇಜಿನ ಕಿಟಕಿಗಳಲ್ಲಿ. ಈ ಕಣಜದ ರಾಣಿ ತುಂಬ ಸಾಧು, ಯಾರ ಮೇಲೂ ಏರಿಹೋಗುವುದಿಲ್ಲ. ರಾಣಿಯನ್ನು ತೆಗೆದರೆ ಮಾತ್ರ ಒಂದು ಕೆಲಸಗಾರ ಕಣಜ ಇದ್ದಕ್ಕಿದ್ದಂತೆ ಜೋರು ಮಾಡಲು ಶುರುಮಾಡಿ, ಕೆಲವು ದಿನಗಳಲ್ಲಿ ತಾನೇ ರಾಣಿಯಾಗುತ್ತದೆ. ಕ್ಲಾಸ್ ಲೀಡರ್ ರಜೆ ಹಾಕಿದ ದಿನ ನಮ್ಮ ತರಗತಿಯಲ್ಲೂ ಇದನ್ನು ನೋಡಬಹುದು. ಇವು ಮರಿಗಳಿಗೆ ತಿನ್ನಿಸುವುದು ಬೇರೆ ಹುಳಗಳನ್ನು. ಕೈಗೆ ಎಟುಕದ ಎತ್ತರದಲ್ಲಿದ್ದರೆ ಇದ್ದುಕೊಳ್ಳಲಿ ಬಿಡಿ.

ನಮ್ಮಲ್ಲಿ ಬಹಳ ಜನರಿಗೆ ಕುರ್‌ಆನಿನ 16ನೇ ಅಧ್ಯಾಯದ ಹೆಸರು ಅನ್ನಹ್ಲ್, ಅಂದರೆ ಜೇನು, ಎಂಬುದು ಗೊತ್ತು. ಜೇನಿಗೆ ಮನೆ ಮಾಡಲು ತೋರಿಸಿದ ಜಾಗಗಳಲ್ಲಿ ಬೆಟ್ಟ ಮತ್ತು ಮರಗಳ ಜೊತೆ ಮನುಷ್ಯರು ಕಟ್ಟಿದ್ದೂ ಸೇರಿದೆ ಎಂಬುದನ್ನು ಮರೆಯುತ್ತೇವೆ. ಇರುವೆಯ ಗೂಡನ್ನು ಸುಟ್ಟದ್ದು ಕಂಡು, ಬೆಂಕಿಯಿಂದ ಶಿಕ್ಷಿಸುವ ಹಕ್ಕು ಬೆಂಕಿಯ ಒಡೆಯನಿಗೆ ಮಾತ್ರ ಎಂದು ಪ್ರವಾದಿ(ಸ)ಯವರು ತಡೆದ ಹದೀಸ್ ಕೂಡ ಇದೆ. ಹಾಗೆಂದು ಮಗು ಮಲಗುವ ಕೋಣೆಯ ಕಿಟಕಿಯಲ್ಲಿ ಹೆಜ್ಜೇನು ಇರಲಿ ಎಂದು ನಾನು ವಾದಿಸುತ್ತಿಲ್ಲ. ತೆಗೆಯಲೇಬೇಕಾದ ಗೂಡುಗಳಿವೆ. ಆದರೆ ತೆಗೆಯುವವರು ಯಾರು, ದುಡ್ಡು ಕೊಡುವವರು ಯಾರು?

ನಾನು ಕಾಮರ್ಸ್ ವಿದ್ಯಾರ್ಥಿ. ಈ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುವುದು. ಹೋದ ಬೇಸಿಗೆಯಲ್ಲಿ ನಮ್ಮ ಗಲ್ಲಿಯ ಬಾಡಿಗೆ ಮನೆಯೊಂದರ ಬಚ್ಚಲ ವೆಂಟಿಲೇಟರಿನಲ್ಲಿ ಕಣಜ ಕಟ್ಟಿತು. ಮಾಲೀಕರು, “ಇರುವವರು ನೀವು, ನೀವೇ ತೆಗೆಸಿಕೊಳ್ಳಿ” ಅಂದರು. ಬಾಡಿಗೆಯವರು, “ಮನೆ ನಿಮ್ಮದಲ್ವಾ?” ಅಂದರು. ಹದಿನೈದು ದಿನ ಹೀಗೇ ಕಳೆಯಿತು. ಕೊನೆಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಮುನ್ನೂರು ರೂಪಾಯಿಗೆ ಒಪ್ಪಿಕೊಂಡ. ಮಗ್ರಿಬ್ ನಮಾಝ್ ಆದ ಮೇಲೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಸ್ಟೂಲು ಹತ್ತಿದ. ಗೂಡು ಸುಟ್ಟಿತು. ಅವನ ಎರಡೂ ಕಣ್ಣು ಊದಿಕೊಂಡು ನಾಲ್ಕು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ನಾಲ್ಕು ದಿನದ ಕೂಲಿ, ಔಷಧಿಯ ಬಿಲ್ಲು, ಇದರಲ್ಲಿ ಯಾವುದೂ ಮಾಲೀಕರ ಲೆಕ್ಕದಲ್ಲೂ ಇಲ್ಲ, ಬಾಡಿಗೆಯವರ ಲೆಕ್ಕದಲ್ಲೂ ಇಲ್ಲ. ಗೋಡೆಯ ಆ ಕಡೆ ಗ್ಯಾಸ್ ಸಿಲಿಂಡರ್ ಇತ್ತು ಎಂಬುದು ಯಾರಿಗೂ ನೆನಪಿರಲಿಲ್ಲ.

ಕಚ್ಚಿಸಿಕೊಂಡವರಿಗೆ ಸುಣ್ಣ ಹಚ್ಚುವ ಅಭ್ಯಾಸ ನಮ್ಮ ದಾದಿಗೂ ಇದೆ. ಅದರಿಂದ ವಿಷ ಇಳಿಯುವುದಿಲ್ಲ. ಜೇನಿನ ಕೊಂಡಿ ಚರ್ಮದಲ್ಲೇ ಉಳಿದು ವಿಷ ಬಿಡುತ್ತಲೇ ಇರುತ್ತದೆ. ಅದನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಕಣಜ ಕೊಂಡಿ ಬಿಡುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಚುಚ್ಚಬಲ್ಲದು. ಸೋಪಿನಿಂದ ತೊಳೆದು ಐಸ್ ಇಟ್ಟರೆ ಊತ, ನೋವು ತಗ್ಗುತ್ತದೆ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಮನೆಮದ್ದು ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ಕೆಲವರಿಗೆ ಒಂದೇ ಒಂದು ಹುಳ ಕಚ್ಚಿದರೂ ಹೀಗಾಗಬಹುದು.

ಕ್ಯಾತ್ಸಂದ್ರ ತುಮಕೂರು ಮಹಾನಗರ ಪಾಲಿಕೆಗೆ ಸೇರಿದ ಊರು. ಜೇನು ಮತ್ತು ಕಣಜದ ಗೂಡು ತೆಗೆಯಲು ಬಲ್ಲವರ, ಮುಖಕ್ಕೆ ಬಲೆ, ಕೈಗವಸು ಇರುವವರ ಫೋನ್ ನಂಬರುಗಳನ್ನು ಪಾಲಿಕೆ ಪ್ರತಿ ವಾರ್ಡಿನಲ್ಲೂ ಗೋಡೆಗೆ ಬರೆಸಲಿ, ಕೂಲಿಯ ದರವನ್ನೂ ಅದರ ಪಕ್ಕದಲ್ಲೇ ಬರೆಸಲಿ. ಬಾಡಿಗೆ ಕರಾರಿನಲ್ಲಿ ಸುಣ್ಣಬಣ್ಣ ಯಾರದು, ನೀರಿನ ಬಿಲ್ಲು ಯಾರದು ಎಂದು ಬರೆಯುತ್ತೇವೆ. ಅದರ ಕೆಳಗೆ ಇನ್ನೊಂದು ಸಾಲು ಸೇರಬೇಕು: ಗೂಡು ತೆಗೆಸುವ ಖರ್ಚು, ಕಚ್ಚಿಸಿಕೊಂಡ ಕೆಲಸಗಾರನ ಚಿಕಿತ್ಸೆಯ ಖರ್ಚು, ಎರಡೂ ಮಾಲೀಕರದು.