ಆ ಕಾಗದ ಕೊನೆಯ ತೀರ್ಪಲ್ಲ!



ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಕಳೆದ ತಿಂಗಳು ಹಾಸನದ ಕಡೆಯ ಮಾಜಿ ಸೈನಿಕರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಎಷ್ಟು ಪ್ರತಿ ಬೇಕೆಂದು ಮೂರು ಸಲ ಕೂಗಿ ಕೇಳಬೇಕಾಯಿತು. ಒಂಬತ್ತು ವರ್ಷ ಫಿರಂಗಿಯ ಪಕ್ಕ ನಿಂತು ಕಿವಿ ಕಳೆದುಕೊಂಡವರು. 2009ರಲ್ಲಿ 'ಸೇವೆಗೆ ಅಯೋಗ್ಯ' ಎಂದು ವೈದ್ಯಕೀಯ ಮಂಡಳಿ ಮನೆಗೆ ಕಳಿಸಿತ್ತು.

ಪಿಂಚಣಿ ಬರುತ್ತದೆಯೇ ಎಂದೆ. ಚೀಲದಿಂದ ಲ್ಯಾಮಿನೇಷನ್ ಮಾಡಿಸಿದ ಇಂಗ್ಲಿಷ್ ಕಾಗದ ತೆಗೆದರು. ಊನ ಶೇ. 20ಕ್ಕಿಂತ ಕಡಿಮೆ, ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ, ಆದ್ದರಿಂದ ಅಂಗವಿಕಲ ಪಿಂಚಣಿ ಇಲ್ಲ! ಪಿಯುಸಿ ಓದಿದ ನಾನು ದಿನವೂ ಪ್ರೂಫ್ ತಿದ್ದುವವನು, ನನಗೇ ಅದು ಮೂರು ಸಲ ಓದಿದ ಮೇಲೆ ಅರ್ಥವಾಯಿತು. ಕೊನೆಯಲ್ಲಿ ಒಂದು ಸಾಲು: ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆ ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

"ದೊಡ್ಡೋರು ಬರೆದ ಮೇಲೆ ಮುಗೀತಲ್ಲ ಸಾರ್. ಮತ್ತೆ ಹೋಗಿ ಬೇಡೋದಾ?" ಎಂದರು.

ಬೇಡುವುದೇ? ಇದು ಭಿಕ್ಷೆಯಲ್ಲ ಸ್ವಾಮಿ, ಹಕ್ಕು!

ಧರಂವೀರ್ ಸಿಂಗ್ ಎಂಬ ಸಿಪಾಯಿಯನ್ನು ಮೂರ್ಛೆರೋಗವೆಂದು ಮನೆಗೆ ಕಳಿಸಿ, ಇದಕ್ಕೂ ಸೇವೆಗೂ ಸಂಬಂಧವಿಲ್ಲ ಎಂದಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತೇ? ಸೇರುವಾಗ ಪರೀಕ್ಷಿಸಿ ಗಟ್ಟಿಮುಟ್ಟು ಎಂದು ತೆಗೆದುಕೊಂಡಿದ್ದೀರಿ, ರೋಗವಿತ್ತೆಂದು ಆಗ ಬರೆದಿಲ್ಲ, ಹಾಗಾದರೆ ಅದು ಸೇವೆಯಲ್ಲಿ ಬಂದದ್ದೆಂದೇ ತಿಳಿಯಬೇಕು. ಅಲ್ಲವೆನ್ನುವ ಮಂಡಳಿ ಕಾರಣ ಬರೆಯಬೇಕು. 2014ರ ಸುಖ್ವಿಂದರ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಯಿತು. ಊನದ ಕಾರಣಕ್ಕೇ ಮನೆಗೆ ಕಳಿಸಿದರೆ ಅದನ್ನು ಶೇ. 20ಕ್ಕಿಂತ ಹೆಚ್ಚೆಂದೇ ಎಣಿಸಿ, 50ರ ಲೆಕ್ಕದಲ್ಲಿ ಪಿಂಚಣಿ ಕೊಡಬೇಕು. ಕೆಲಸಕ್ಕೆ ಬಾರದಷ್ಟು ಊನ, ಪಿಂಚಣಿಗೆ ಸಾಲದಷ್ಟು ಊನ ಎರಡೂ ಒಂದೇ ಕಿವಿಯಲ್ಲಿ ಹೇಗಿರುತ್ತದೆ!

ದಾರಿ ಹೀಗಿದೆ. ಮೊದಲು ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ಕೈಗೆ ಬರಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಆಮೇಲೆ ಮೊದಲ ಮೇಲ್ಮನವಿ, ಅದು ಬಿದ್ದುಹೋದರೆ ಎರಡನೆಯದು, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. 2023ರ ಸೆಪ್ಟೆಂಬರ್ 21ರ ನಂತರ ಸೇನೆ ಬಿಟ್ಟವರಿಗೆ ಹೊಸ ನಿಯಮ ಬಂದಿದೆ, ಅವರು ಹಳೆಯ ತೀರ್ಪುಗಳನ್ನಷ್ಟೇ ನಂಬಿ ಕೂರಬಾರದು.

ತಡವಾಯಿತೆಂದು ಕೈಚೆಲ್ಲಬೇಡಿ. 1983ರಲ್ಲಿ ಸೇನೆಯಿಂದ ಹೊರಬಂದ ತರ್ಸೇಮ್ ಸಿಂಗ್ ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ಸಿಕ್ಕಿತು, ಆದರೆ ಹಿಂಬಾಕಿಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಮೂರೇ ವರ್ಷಕ್ಕೆ ಇಳಿಸಿತು. ಸುಮ್ಮನೆ ಕೂತ ಉಳಿದ ವರ್ಷಗಳ ಹಣ ಹೋಯಿತು.

ನಿಮ್ಮ ಬೀದಿಯಲ್ಲೂ ಇಂಥವರಿರುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿರಬಹುದು, ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿರಬಹುದು. ಮಾತಾಡಿಸಿ, ಕಾಗದ ಇದ್ದರೆ ತರಿಸಿ, ಕನ್ನಡದಲ್ಲಿ ಓದಿ ಹೇಳಿ. ಮೊದಲು ಅದರ ಮೇಲಿನ ದಿನಾಂಕ ನೋಡಿ.

ನಮ್ಮ ಹಾಸನದವರು ಸೋಮವಾರ ಡಿಸ್ಚಾರ್ಜ್ ಪುಸ್ತಕ ಹಿಡಿದು ಬರುತ್ತಾರೆ. ಲಗ್ನಪತ್ರಿಕೆಯ ಪ್ರೂಫಿನ ಜೊತೆಗೆ ಅರ್ಜಿಯ ಕರಡನ್ನೂ ಟೈಪು ಮಾಡಿಸಿಟ್ಟಿದ್ದೇನೆ.